ಜೋಡಿಸಿದ ದಾಖಲೆಗಳ ಎಣಿಕೆ: ಒಂದು ವಿಮರ್ಶೆ

ಸಂಶೋಧನ ಪ್ರಬಂಧದಲ್ಲಿ ಒಂದು ಸಂಖ್ಯೆ ಅಚ್ಚಾಯಿತೆಂದರೆ ಅದಕ್ಕೆ ತಾನಾಗಿಯೇ ಒಂದು ಬಗೆಯ ಅಧಿಕಾರ ಬಂದುಬಿಡುತ್ತದೆ. ವಾಕ್ಯವನ್ನು ಓದುಗರು ಒರೆಗೆ ಹಚ್ಚುತ್ತಾರೆ. ಶಾಸನಪಾಠವನ್ನು ಮತ್ತೆ ಮತ್ತೆ ತಿದ್ದುತ್ತಾರೆ. ಸಂಖ್ಯೆಯನ್ನು ಮಾತ್ರ ಇದ್ದಂತೆಯೇ ಎತ್ತಿಕೊಂಡು ಮುಂದಿನ ಪ್ರಬಂಧಕ್ಕೆ ಸಾಗಿಸುತ್ತಾರೆ. ಗಣಕಯಂತ್ರ ಬರುವುದಕ್ಕೆ ಮುಂಚೆ ಈ ಸಂಖ್ಯೆಗಳನ್ನು ಒಬ್ಬನು ಕಾಗದದ ಮೇಲೆ ಗೀಟು ಹಾಕಿ ಎಣಿಸುತ್ತಿದ್ದನು. ಆತನ ಎಣಿಕೆ ತಪ್ಪಬಹುದಾಗಿತ್ತು. ಆದರೆ ತಾನು ಏನನ್ನು ಎಣಿಸುತ್ತಿದ್ದೇನೆಂಬುದು ಅವನ ಕಣ್ಣ ಮುಂದೆ ಇರುತ್ತಿತ್ತು. ಈಗ ಎಣಿಕೆ ತಪ್ಪುವುದಿಲ್ಲ. ಎಣಿಸಿದ್ದು ಏನು ಎಂಬುದೇ ಮರೆಯಾಗುತ್ತಿದೆ. ಪ್ರಕೃತ ಲೇಖನದಲ್ಲಿ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಈ ಮರೆವನ್ನು. ಡೇಟಾಬೇಸಿನಲ್ಲಿ ಎರಡು ಮೂರು ಕೋಷ್ಟಕಗಳನ್ನು ಜೋಡಿಸಿ, ಜೋಡಿಸಿದ ಸಾಲುಗಳನ್ನು ಸೋಸಿ, ಉಳಿದುದನ್ನು ಎಣಿಸುವ ಪದ್ಧತಿ ಇಂದು ವಾಣಿಜ್ಯ ವಿಭಾಗದಿಂದ ಇತಿಹಾಸ ವಿಭಾಗದವರೆಗೆ ಎಲ್ಲೆಡೆಯೂ ಹಬ್ಬಿದೆ. ಆ ಪದ್ಧತಿಯನ್ನು ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳ ನೆಲದ ಮೇಲಿಟ್ಟು ನೋಡುವುದು ನಮ್ಮ ಉದ್ದೇಶ. ಈ ನೆಲವನ್ನೇ ಆರಿಸಿದ್ದಕ್ಕೆ ಕಾರಣ ಅಭಿಮಾನವಷ್ಟೇ ಅಲ್ಲ. ದಾಖಲೆಗಳ ಜೋಡಣೆಯಲ್ಲಿ ಆಗಬಹುದಾದ ಅನರ್ಥಗಳ ಪೈಕಿ ಬಹುಮಟ್ಟಿಗೆ ಎಲ್ಲವೂ ಇಲ್ಲಿ ನಿಜವಾಗಿಯೇ ಕಾಣಸಿಗುತ್ತವೆ.

ಮೊದಲು ಜೋಡಣೆಯೆಂದರೇನೆಂಬುದನ್ನು ನೋಡೋಣ. 1970ರಲ್ಲಿ ಇ. ಎಫ್. ಕಾಡ್ ಅವರು ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ದತ್ತಾಂಶಗಳನ್ನೆಲ್ಲ ಸಂಬಂಧಗಳೆಂದು, ಎಂದರೆ ಗಣಿತದ ಅರ್ಥದಲ್ಲಿ ಗಣಗಳೆಂದು, ಭಾವಿಸಬೇಕೆಂದು ಪ್ರತಿಪಾದಿಸಿದರು. ಊರುಗಳದು ಒಂದು ಕೋಷ್ಟಕ, ಶಾಸನಗಳದು ಮತ್ತೊಂದು. ಶಾಸನದ ಪ್ರತಿಯೊಂದು ಸಾಲಿನಲ್ಲಿಯೂ ಅದು ದೊರೆತ ಊರಿನ ಗುರುತು ಬರೆದಿರುತ್ತದೆ. ಆ ಗುರುತಿನ ಮೂಲಕ ಎರಡನ್ನೂ ಬೆಸೆದರೆ ಮೂರನೆಯದೊಂದು ಕೋಷ್ಟಕ ಹುಟ್ಟುತ್ತದೆ. ಇದರ ಒಂದೊಂದು ಸಾಲೂ ಊರಲ್ಲ, ಶಾಸನವೂ ಅಲ್ಲ. ಒಂದು ಊರು ಒಂದು ಶಾಸನವನ್ನು ಸಂಧಿಸಿದ ಘಟನೆ. ಈ ಮಾತು ಎಷ್ಟು ಸರಳವೋ ಅಷ್ಟೇ ಬೇಗ ಮರೆತುಹೋಗುವಂಥದು. ಹಿಂದೆ ನಮ್ಮ ಭಾಗದ ಪಟವಾರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಒಬ್ಬ ರೈತನಿಗೆ ಮೂರು ಸರ್ವೆ ನಂಬರಿನಲ್ಲಿ ಹೊಲವಿದ್ದರೆ ಅವನ ಹೆಸರು ಪಹಣಿಯಲ್ಲಿ ಮೂರು ಸಲ ಬರುತ್ತದೆ. ಹಾಗೆಂದು ಊರಿನಲ್ಲಿ ಮೂವರು ರೈತರಿದ್ದಾರೆಂದು ಆತನು ತಹಸೀಲಿಗೆ ಬರೆದು ಕಳುಹಿಸುತ್ತಿರಲಿಲ್ಲ. ಖಾತೆಯ ಲೆಕ್ಕ ಬೇರೆ, ನಂಬರಿನ ಲೆಕ್ಕ ಬೇರೆ ಎಂಬ ವಿವೇಕ ಆ ಕಸುಬಿನ ಒಳಗೇ ಇತ್ತು. ಇಂದಿನ ವಿದ್ಯಾರ್ಥಿಯು ಪ್ರಶ್ನೆಯ ಭಾಷೆಯನ್ನು ಒಂದು ವಾರದಲ್ಲಿ ಕಲಿಯುತ್ತಾನೆ. ಈ ವಿವೇಕಕ್ಕೆ ಪಠ್ಯಕ್ರಮದಲ್ಲಿ ಒಂದು ಗಂಟೆಯನ್ನೂ ಇಟ್ಟಿಲ್ಲ.

ವಿಷಯವನ್ನು ಸ್ಪಷ್ಟಪಡಿಸಲು ಒಂದು ಕಲ್ಪಿತ ಲೆಕ್ಕವನ್ನು ಇಟ್ಟುಕೊಳ್ಳುತ್ತೇವೆ. ಹತ್ತು ಊರುಗಳಿವೆ. ನಾಲ್ಕು ಊರುಗಳಲ್ಲಿ ಒಂದೊಂದು ಶಾಸನ, ಮೂರು ಊರುಗಳಲ್ಲಿ ಮೂರು ಮೂರು ಶಾಸನ, ಉಳಿದ ಮೂರರಲ್ಲಿ ಒಂದೂ ಇಲ್ಲ. ಸಾಮಾನ್ಯ ರೀತಿಯ ಜೋಡಣೆ ಮಾಡಿದರೆ 13 ಸಾಲುಗಳು ಸಿಕ್ಕುತ್ತವೆ. ‘ಶಾಸನವುಳ್ಳ ಊರುಗಳೆಷ್ಟು’ ಎಂದು ಕೇಳಬೇಕಾದವನು ಈ ಸಾಲುಗಳನ್ನು ಎಣಿಸಿದರೆ 13 ಎಂಬ ಉತ್ತರ ಬರುತ್ತದೆ. ಇದ್ದ ಊರುಗಳೇ ಹತ್ತು! ಇಂಥ ಕಡೆ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಅಪಾಯ ಕಡಿಮೆ. ಆದರೆ ಮೂರು ತಾಲ್ಲೂಕಿನ ಊರುಗಳನ್ನೆಲ್ಲ ಒಟ್ಟಿಗೆ ಇಟ್ಟಾಗ ಉತ್ತರ ನೂರರಲ್ಲಿ ಬರುತ್ತದೆ, ನಂಬಲರ್ಹವಾಗಿಯೇ ಕಾಣುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ. ಸರಾಸರಿಯ ಗತಿ ಇದಕ್ಕಿಂತ ಕಷ್ಟ. ಊರೊಂದಕ್ಕೆ ಸರಾಸರಿ ಎಷ್ಟು ಶಾಸನವೆಂದರೆ 13ನ್ನು 10ರಿಂದ ಭಾಗಿಸಿ 1.3 ಎನ್ನಬೇಕು. ಜೋಡಿಸಿದ ಕೋಷ್ಟಕದಲ್ಲಿ ಶಾಸನವಿಲ್ಲದ ಮೂರು ಊರುಗಳು ಬಿದ್ದುಹೋಗಿರುವುದರಿಂದ, ಅಲ್ಲಿಯ ಊರುಗಳನ್ನು ಬೇರೆ ಬೇರೆಯಾಗಿ ಎಣಿಸಿ ಭಾಗಿಸುವ ಜಾಗರೂಕನಿಗೂ 13ನ್ನು 7ರಿಂದ ಭಾಗಿಸಿದ 1.86 ಎಂಬ ಉತ್ತರವೇ ಸಿಕ್ಕುತ್ತದೆ. ಇಲ್ಲದವರನ್ನು ಲೆಕ್ಕದಿಂದ ಹೊರಗಿಟ್ಟರೆ ಇರುವವರ ಸಮೃದ್ಧಿ ಹೆಚ್ಚಾಗಿ ಕಾಣುವುದು ಸಹಜವೇ.

ಈ ತೊಡಕಿಗೆ ಭಾಷೆಯೇ ಹೊಣೆಯೆಂಬ ವಾದವೊಂದುಂಟು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ಕಾಡ್ ಅವರ ಸಿದ್ಧಾಂತವನ್ನು ಆಡುಮಾತಿಗೆ ಹತ್ತಿರವಾದ ಒಂದು ಪ್ರಶ್ನಭಾಷೆಯಾಗಿ ರೂಪಿಸಿದರು. ಅದೇ ಮುಂದೆ ಎಸ್.ಕ್ಯೂ.ಎಲ್. ಎಂಬ ಹೆಸರಿನಿಂದ ಲೋಕವನ್ನೆಲ್ಲ ವ್ಯಾಪಿಸಿತು. ಸಿ. ಜೆ. ಡೇಟ್ ಅವರು 1984ರಲ್ಲಿ ಈ ಭಾಷೆಯ ಮೇಲೆ ಒಂದು ಕಟುವಿಮರ್ಶೆಯನ್ನು ಪ್ರಕಟಿಸಿದಂದಿನಿಂದ ತಮ್ಮ ಹಲವು ಬರಹಗಳಲ್ಲಿ ಅದು ಮೂಲ ಸಿದ್ಧಾಂತಕ್ಕೆ ಎಸಗಿದ ದ್ರೋಹಗಳನ್ನು ಪಟ್ಟಿಮಾಡುತ್ತ ಬಂದಿದ್ದಾರೆ. ಅವುಗಳಲ್ಲಿ ಮುಖ್ಯವಾದದ್ದು, ಗಣದಲ್ಲಿ ಒಂದೇ ಸದಸ್ಯ ಎರಡು ಸಲ ಇರಲಾರದು, ಎಸ್.ಕ್ಯೂ.ಎಲ್.ನ ಕೋಷ್ಟಕದಲ್ಲಿ ಒಂದೇ ಸಾಲು ಎಷ್ಟು ಸಲ ಬೇಕಾದರೂ ಇರಬಹುದು ಎಂಬುದು. ಡೇಟ್ ಅವರ ಆಕ್ಷೇಪ ನ್ಯಾಯವಾದದ್ದೆಂದು ನಾವು ಒಪ್ಪುತ್ತೇವೆ. ಕಾಡ್ ಅವರ ಮೂಲ ಪದ್ಧತಿಯಲ್ಲಿ ಮೇಲಿನ 13 ಸಾಲುಗಳಿಂದ ಊರಿನ ಕಂಬಸಾಲನ್ನು ಮಾತ್ರ ಬೇರ್ಪಡಿಸಿದರೆ 7 ಊರುಗಳೇ ಉಳಿಯುತ್ತವೆ, ಎಸ್.ಕ್ಯೂ.ಎಲ್.ನಲ್ಲಿ ‘ಡಿಸ್ಟಿಂಕ್ಟ್’ ಎಂಬ ಮಾತನ್ನು ನೆನಪಿಟ್ಟು ಬರೆಯದಿದ್ದರೆ 13 ಹೆಸರುಗಳೂ ಹಾಗೆಯೇ ಇರುತ್ತವೆ. ಆದರೆ ಹೊಣೆಯನ್ನೆಲ್ಲ ಭಾಷೆಯ ತಲೆಗೆ ಕಟ್ಟುವುದು ಸರಿಯಲ್ಲ. ಅತ್ಯಂತ ಶುದ್ಧವಾದ ಸಂಬಂಧಗಣಿತದಲ್ಲಿಯೂ ಊರು ಮತ್ತು ಶಾಸನದ ಜೋಡಿಗಳು 13ಕ್ಕಿಂತ ಕಡಿಮೆಯಾಗುವುದಿಲ್ಲ. ಊರನ್ನು ಕೇಳಬೇಕಾದಲ್ಲಿ ಜೋಡಿಯನ್ನು ಕೇಳಿದವನಿಗೆ ಯಾವ ಭಾಷೆಯೂ ಊರನ್ನು ತಂದುಕೊಡದು.

‘ಡಿಸ್ಟಿಂಕ್ಟ್’ ಎಂಬ ಆ ಮಾತಿನ ವಿಷಯವಾಗಿಯೂ ಒಂದೆರಡು ಮಾತು ಹೇಳಬೇಕಾಗಿದೆ. ಏಕೆಂದರೆ ನಮ್ಮ ತರಗತಿಗಳಲ್ಲಿ ಅದು ಸರ್ವರೋಗಕ್ಕೂ ಮದ್ದಾಗಿದೆ. ಊರಿನ ಕೋಷ್ಟಕಕ್ಕೆ ಶಾಸನಗಳ ಜೊತೆಗೆ ದೇವಾಲಯಗಳ ಕೋಷ್ಟಕವನ್ನೂ ಒಂದೇ ಪ್ರಶ್ನೆಯಲ್ಲಿ ಜೋಡಿಸಿದೆವೆನ್ನೋಣ. ಶಹಾಪುರ ಸೀಮೆಯ ಶಿರವಾಳದಂಥ ಊರಿನಲ್ಲಿ ಹಳೆಯ ಗುಡಿಗಳೂ ಹಲವು, ಶಾಸನಗಳೂ ಹಲವು. ಒಂದು ಊರಿನಲ್ಲಿ 3 ಶಾಸನ, 4 ಗುಡಿ ಇದ್ದರೆ ಜೋಡಿಸಿದ ಕೋಷ್ಟಕದಲ್ಲಿ ಆ ಊರು 12 ಸಾಲುಗಳಾಗಿ ನಿಲ್ಲುತ್ತದೆ. ಯಾವ ಶಾಸನ ಯಾವ ಗುಡಿಯದೆಂಬ ಸಂಬಂಧವೇ ಇಲ್ಲದೆ ಪ್ರತಿಯೊಂದೂ ಪ್ರತಿಯೊಂದರೊಡನೆ ಕೈಹಿಡಿದಿರುತ್ತದೆ. ಎಣಿಸುವಾಗ ‘ಡಿಸ್ಟಿಂಕ್ಟ್’ ಎಂದರೆ 3 ಮತ್ತು 4 ಮತ್ತೆ ಸಿಕ್ಕುತ್ತವೆ, ನಿಜ. ಆದರೆ ಅದೇ ಪ್ರಶ್ನೆಯಲ್ಲಿ ಊರುಗಳ ಜನಸಂಖ್ಯೆಯನ್ನೂ ಕೂಡಿಸಿದರೆ ಆ ಊರಿನ ಜನ ಹನ್ನೆರಡು ಪಟ್ಟಾಗುತ್ತಾರೆ. ಅದನ್ನು ತಡೆಯಲು ‘ಬೇರೆ ಬೇರೆ ಜನಸಂಖ್ಯೆಗಳನ್ನು ಮಾತ್ರ ಕೂಡಿಸು’ ಎಂದು ಬರೆದರೆ, ದೈವವಶಾತ್ ಒಂದೇ ಜನಸಂಖ್ಯೆಯುಳ್ಳ ಎರಡು ಊರುಗಳಿದ್ದಲ್ಲಿ ಒಂದು ಊರೇ ಇಲ್ಲವಾಗುತ್ತದೆ. ಮದ್ದು ರೋಗಕ್ಕಿಂತ ಸೂಕ್ಷ್ಮವಾದ ಇನ್ನೊಂದು ರೋಗವನ್ನು ತಂದಂತಾಯಿತು. ಸರಿಯಾದ ದಾರಿ ಬೇರೆಯೇ ಇದೆ. ಶಾಸನಗಳನ್ನು ಊರುವಾರು ಮೊದಲೇ ಎಣಿಸಿಕೊಂಡು, ಗುಡಿಗಳನ್ನೂ ಹಾಗೆಯೇ ಎಣಿಸಿಕೊಂಡು, ಆ ಎಣಿಕೆಗಳನ್ನು ಊರಿನ ಕೋಷ್ಟಕಕ್ಕೆ ಜೋಡಿಸಬೇಕು. ಆಗ ಪ್ರತಿ ಊರಿಗೂ ಒಂದೇ ಸಾಲು. ಇದೆಯೋ ಇಲ್ಲವೋ ಎಂಬಷ್ಟೇ ತಿಳಿಯಬೇಕಾದಲ್ಲಿ ಜೋಡಣೆಯ ಅಗತ್ಯವೇ ಇಲ್ಲ. ‘ಎಕ್ಸಿಸ್ಟ್ಸ್’ ಎಂಬ ಪ್ರಶ್ನೆ ಸಾಕು. ಪಠ್ಯಪುಸ್ತಕಗಳು ಇದನ್ನು ಕೊನೆಯ ಅಧ್ಯಾಯಕ್ಕೆ ತಳ್ಳಿರುವುದು ವಿಚಿತ್ರವಾಗಿದೆ.

ಇನ್ನು ಸೋಸುವ ಮಾತು. ಸೋಸುವುದಕ್ಕೆ ಎರಡು ಜಾಗಗಳಿವೆ. ಗುಂಪುಮಾಡುವ ಮುಂಚೆ ಸಾಲುಗಳನ್ನು ಸೋಸುವುದು ‘ವೇರ್’. ಗುಂಪುಮಾಡಿದ ಮೇಲೆ ಗುಂಪುಗಳನ್ನೇ ಸೋಸುವುದು ‘ಹ್ಯಾವಿಂಗ್’. ಕಲ್ಯಾಣ ಚಾಲುಕ್ಯರ ಕಾಲದ ಶಾಸನ ಎರಡಕ್ಕಿಂತ ಹೆಚ್ಚಿರುವ ಊರುಗಳು ಬೇರೆ. ಯಾವುದೇ ಕಾಲದ ಶಾಸನಗಳು ಎರಡಕ್ಕಿಂತ ಹೆಚ್ಚಿದ್ದು, ಅವುಗಳಲ್ಲಿ ಚಾಲುಕ್ಯರದೂ ಇರುವ ಊರುಗಳು ಬೇರೆ. ಕನ್ನಡದಲ್ಲಿ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಾದ್ದರಿಂದ ಪ್ರಶ್ನೆ ಕೇಳುವವನಿಗೆ ತಾನು ಯಾವುದನ್ನು ಕೇಳಿದೆನೆಂಬ ಎಚ್ಚರ ಇರುವುದಿಲ್ಲ. ಇದಕ್ಕಿಂತ ಹೆಚ್ಚಾಗಿ ಜನ ಎಡವುವುದು ‘ಎರಡೂ ಇರುವ’ ಎಂಬ ಪ್ರಶ್ನೆಯಲ್ಲಿ. ಚಾಲುಕ್ಯರ ಶಾಸನವೂ ಸೇವುಣರ ಶಾಸನವೂ ದೊರೆತಿರುವ ಊರುಗಳು ಎಷ್ಟು? ಕಾಲ ಚಾಲುಕ್ಯ ಎಂದೂ ಕಾಲ ಸೇವುಣ ಎಂದೂ ‘ವೇರ್’ನಲ್ಲಿ ಒಟ್ಟಿಗೆ ಬರೆದರೆ ಉತ್ತರ ಸೊನ್ನೆ, ಏಕೆಂದರೆ ಒಂದು ಸಾಲಿನಲ್ಲಿ ಒಂದೇ ಶಾಸನ, ಒಂದು ಶಾಸನಕ್ಕೆ ಒಂದೇ ಕಾಲ. ಸೊನ್ನೆಯನ್ನು ಕಂಡು ಗಾಬರಿಯಾಗಿ ‘ಅಥವಾ’ ಎಂದು ಬದಲಿಸಿದರೆ ಯಾವುದಾದರೊಂದು ಇರುವ ಊರುಗಳೆಲ್ಲ ನುಗ್ಗಿಬರುತ್ತವೆ. ಅನಂತರ ‘ಎರಡು ಸಾಲು ಇರುವ ಗುಂಪುಗಳು ಮಾತ್ರ’ ಎಂದರೆ ಚಾಲುಕ್ಯರ ಎರಡು ಶಾಸನಗಳಿರುವ ಊರೂ ಒಳಕ್ಕೆ ಬರುತ್ತದೆ. ಚಾಲುಕ್ಯರದು ಎರಡು, ಸೇವುಣರದು ಒಂದು ಇರುವ ಊರು ಹೊರಕ್ಕೆ ಹೋಗುತ್ತದೆ. ಎಣಿಸಬೇಕಾದದ್ದು ಸಾಲುಗಳನ್ನಲ್ಲ, ಬೇರೆ ಬೇರೆ ಕಾಲಗಳನ್ನು, ಅವು ಎರಡಾಗಿರಬೇಕು. ಅರಸುಮನೆತನ ಬದಲಾದಾಗ ದಾನಕ್ಷೇತ್ರಗಳು ಮುಂದುವರಿದುವೇ ಇಲ್ಲವೇ ಎಂಬ ಚರ್ಚೆಗೆ ಆಧಾರವಾಗುವುದು ಇದೇ ಸಂಖ್ಯೆ. ಸೊನ್ನೆ ಬಂದರೆ ಒಂದು ಇತಿಹಾಸ, ನೂರು ಬಂದರೆ ಇನ್ನೊಂದು ಇತಿಹಾಸ ಬರೆಯಲ್ಪಡುತ್ತದೆ.

ಇದುವರೆಗೆ ಹೇಳಿದ್ದು ಇರುವುದನ್ನು ಎಣಿಸುವ ಮಾತಾಯಿತು. ಇಲ್ಲದಿರುವುದನ್ನು ಎಣಿಸುವುದು ಇದಕ್ಕಿಂತ ಕಠಿನ. ನಮ್ಮ ಸೀಮೆಯ ಮಟ್ಟಿಗೆ ಹೆಚ್ಚು ಮುಖ್ಯವೂ ಹೌದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಜನಸಂಖ್ಯೆ 11,74,271. ಅಕ್ಷರಸ್ಥರ ಪ್ರಮಾಣ ಶೇಕಡ 52ರಷ್ಟು, ರಾಜ್ಯದಲ್ಲೆಲ್ಲ ಅತ್ಯಂತ ಕಡಿಮೆ. ಇಂಥ ಜಿಲ್ಲೆಯಲ್ಲಿ ಪ್ರೌಢಶಾಲೆಗಳುಳ್ಳ ಊರುಗಳ ಪಟ್ಟಿಗಿಂತ ಇಲ್ಲದ ಊರುಗಳ ಪಟ್ಟಿಯೇ ಬೇಕಾದದ್ದು. ಸಾಮಾನ್ಯ ಜೋಡಣೆಯಲ್ಲಾದರೋ ಶಾಲೆಯಿಲ್ಲದ ಊರು ಮೊದಲ ಹೆಜ್ಜೆಯಲ್ಲಿಯೇ ಮಾಯವಾಗುತ್ತದೆ. ಅದಕ್ಕೆ ಹೊರಜೋಡಣೆ ಎಂಬ ಉಪಾಯವನ್ನು ಕಲ್ಪಿಸಿದ್ದಾರೆ, 1992ರ ಎಸ್.ಕ್ಯೂ.ಎಲ್. ಮಾನಕದಲ್ಲಿ ಅದಕ್ಕೆ ಸ್ಪಷ್ಟವಾದ ವಾಕ್ಯರೂಪವೂ ದೊರೆಯಿತು. ‘ಲೆಫ್ಟ್ ಜಾಯಿನ್’ ಎಂದರೆ ಎಡಗಡೆಯ ಕೋಷ್ಟಕದ ಎಲ್ಲ ಊರುಗಳೂ ಉಳಿಯುತ್ತವೆ. ಬಲಗಡೆ ಸಂಗಾತಿಯಿಲ್ಲದಲ್ಲಿ ‘ನಲ್’ ಎಂಬ ಬರಿದಾದ ಗುರುತು ಕೂಡುತ್ತದೆ. ಇಷ್ಟಾದ ಮೇಲೂ ಎರಡು ಹೊಂಡಗಳಿವೆ. ಸಾಲುಗಳನ್ನೇ ಎಣಿಸಿದರೆ ಏನೂ ಇಲ್ಲದ ಊರಿಗೂ ಒಂದು ಸಾಲು ಇರುವುದರಿಂದ ಅದರ ಪಾಲಿಗೆ 1 ಎಂಬ ಸಂಖ್ಯೆ ಬೀಳುತ್ತದೆ. ನಮ್ಮ ಕಲ್ಪಿತ ಹತ್ತು ಊರುಗಳಲ್ಲಿ ಶಾಸನಗಳು 13ರ ಬದಲು 16 ಆಗುತ್ತವೆ. ಶಾಸನದ ಗುರುತಿನ ಕಂಬಸಾಲನ್ನು ಹೆಸರಿಸಿ ಎಣಿಸಿದರೆ ಮಾತ್ರ ಬರಿದು ಬಿಟ್ಟುಹೋಗುತ್ತದೆ. ಎರಡನೆಯ ಹೊಂಡ ಸೋಸುವಿಕೆಯದು. ಎಲ್ಲ ಊರುಗಳನ್ನೂ ಉಳಿಸಿಕೊಂಡು, ಅನಂತರ ‘ವೇರ್’ನಲ್ಲಿ ‘ಶಾಲೆಯ ಬಗೆ ಪ್ರೌಢ’ ಎಂದು ಬರೆದೊಡನೆ, ಬರಿದಾದ ಸಾಲಿಗೆ ಆ ಪ್ರಶ್ನೆಗೆ ಹೌದು ಎಂಬ ಉತ್ತರವಿಲ್ಲದ್ದರಿಂದ, ಉಳಿಸಿಕೊಂಡಿದ್ದ ಊರುಗಳೆಲ್ಲ ಮತ್ತೆ ಉದುರಿಹೋಗುತ್ತವೆ. ಆ ನಿಬಂಧನೆಯನ್ನು ಜೋಡಣೆಯ ‘ಆನ್’ ಎಂಬ ಭಾಗದೊಳಗೇ ಬರೆಯಬೇಕು. ಒಂದು ಸಾಲು ಆಚೆಯಿಂದ ಈಚೆಗೆ ಬಂದದ್ದರಿಂದ ಊರೊಂದು ವರದಿಯಿಂದ ಕಾಣೆಯಾಗುವುದೆಂಬುದು ಮೊದಲ ಸಲ ಕೇಳುವವರಿಗೆ ಅತಿಶಯೋಕ್ತಿಯಾಗಿ ತೋರಬಹುದು. ಅತಿಶಯೋಕ್ತಿಯಲ್ಲ.

ಬರಿದೆಂಬುದರ ಅರ್ಥವೇನು ಎಂಬ ಪ್ರಶ್ನೆ ಇಲ್ಲಿಯೇ ಏಳುತ್ತದೆ. ಸುರಪುರ ಸೀಮೆ ಇದಕ್ಕೆ ಒಳ್ಳೆಯ ನಿದರ್ಶನ. 1841ರಿಂದ 1853ರವರೆಗೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ರಾಜನಕೋಳೂರಿನ ಶಿಲಾಸಮಾಧಿಗಳನ್ನು ವರ್ಣಿಸಿದನು. ಶತಮಾನಕ್ಕೂ ಮೇಲೆ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಹುಣಸಗಿ ಮತ್ತು ಬೈಚಬಾಳ ಕಣಿವೆಗಳನ್ನು ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ಶೋಧಿಸಿ ಆದಿ ಶಿಲಾಯುಗದ ನೂರಕ್ಕೂ ಮಿಕ್ಕ ನೆಲೆಗಳನ್ನು ದಾಖಲಿಸಿದರು. ಇಸಾಂಪುರದಲ್ಲಿ ಆಯುಧಗಳನ್ನು ತಯಾರಿಸುತ್ತಿದ್ದ ಸುಣ್ಣಗಲ್ಲಿನ ನೆಲೆಯನ್ನು ಉತ್ಖನನ ಮಾಡಿದರು. ಈಗ ಊರುಗಳ ಕೋಷ್ಟಕವನ್ನು ನೆಲೆಗಳ ಕೋಷ್ಟಕಕ್ಕೆ ಹೊರಜೋಡಣೆಯಿಂದ ಬೆಸೆದರೆ ಹುಣಸಗಿಯ ಸುತ್ತ ಸಂಖ್ಯೆಗಳು ತುಂಬಿಕೊಳ್ಳುತ್ತವೆ. ಕಣಿವೆಯಿಂದ ದೂರವಾದ ಊರುಗಳ ಮುಂದೆ ಸೊನ್ನೆ ನಿಲ್ಲುತ್ತದೆ. ಈ ಸೊನ್ನೆಗಳಲ್ಲಿ ಕೆಲವು ಹುಡುಕಿ ಸಿಕ್ಕದೆ ಬಂದವು. ಕೆಲವು ಯಾರೂ ಹುಡುಕದೆ ಬಂದವು. ಲೆಕ್ಕಕ್ಕೆ ಎರಡೂ ಒಂದೇ. ಆದಿಮಾನವನು ಈ ಕಣಿವೆಯನ್ನೇ ಮೆಚ್ಚಿದನೆಂದು ಆ ಕೋಷ್ಟಕದಿಂದ ತೀರ್ಮಾನಿಸುವವನು ಪದ್ದಯ್ಯನವರು ನಡೆದಾಡಿದ ದಾರಿಯನ್ನೇ ಆದಿಮಾನವನ ದಾರಿಯೆಂದು ತಿಳಿಯುವ ಸಂಭವವಿದೆ. ಕಾಡ್ ಅವರೇ ತಮ್ಮ 1990ರ ಗ್ರಂಥದಲ್ಲಿ ಬರಿದನ್ನು ಎರಡು ಬಗೆಯಾಗಿ ವಿಂಗಡಿಸಿದರು: ಇದ್ದೂ ತಿಳಿಯದಿರುವುದು ಒಂದು, ಅನ್ವಯಿಸದೆಯೇ ಇರುವುದು ಇನ್ನೊಂದು. ನಮಗೆ ಬೇಕಾದ ಭೇದ ಆ ಎರಡರಲ್ಲಿಯೂ ಇಲ್ಲ. ಯಾರು, ಯಾವ ವರ್ಷ, ಯಾವ ಊರಿನ ಸೀಮೆಯನ್ನು ಹುಡುಕಿದರೆಂಬ ಮೂರನೆಯ ಕೋಷ್ಟಕವೊಂದನ್ನು ಇಡಬೇಕು. ಅದರಲ್ಲಿ ಸಾಲಿದ್ದು ನೆಲೆಗಳಲ್ಲಿ ಸಾಲಿಲ್ಲದಿದ್ದರೆ ಅದು ನಿಜವಾದ ಸೊನ್ನೆ. ಅದರಲ್ಲಿಯೇ ಸಾಲಿಲ್ಲದಿದ್ದರೆ ಅಲ್ಲಿ ಸಂಖ್ಯೆಯನ್ನೇ ಬರೆಯಬಾರದು.

ಕೀಲಿಯ ವಿಷಯಕ್ಕೆ ಬರೋಣ. ಎರಡು ಕೋಷ್ಟಕಗಳು ಬೆಸೆಯುವುದು ಹೆಸರಿನ ಮೂಲಕವಾದರೆ ನಮ್ಮ ಮೂರು ತಾಲ್ಲೂಕುಗಳಲ್ಲಿ ಸುಖವಿಲ್ಲ. ಸುರಪುರವು ಜನಗಣತಿಯಲ್ಲಿ ಶೋರಾಪುರ. ನಡುವೆ ಸುರಪೂರ ಎಂದು ಬರೆಯುವವರೂ ಉಂಟು. ಗಣಕಕ್ಕೆ ಇವು ಮೂರು ಊರುಗಳು. ಅದಕ್ಕೆ ಪ್ರತಿಯಾಗಿ ಶಹಾಪುರ ತಾಲ್ಲೂಕಿನ ಸಗರವೂ ಶಿವಮೊಗ್ಗ ಜಿಲ್ಲೆಯ ಸಾಗರವೂ ಇಂಗ್ಲಿಷಿನ ಪಟ್ಟಿಯಲ್ಲಿ ಅಕ್ಷರಶಃ ಒಂದೇ ಆಗಿ, ಬೇರೆ ಊರಿನ ದಾಖಲೆಗಳು ಇಲ್ಲಿಗೆ ಬಂದು ಕೂಡುತ್ತವೆ. ಶಹಾಪುರ ಎಂಬ ಹೆಸರಾದರೂ ಒಂದೆಡೆಯದೇ? ಬೆಳಗಾವಿಯ ಮಗ್ಗುಲಲ್ಲಿಯೂ ಒಂದು ಶಹಾಪುರವಿದೆ. ವ್ಯಕ್ತಿಗಳ ಮಾತು ಇನ್ನೂ ಜಟಿಲ. ಸುರಪುರ ಸೀಮೆಯ ಮುದನೂರಿನೊಡನೆ ಹೆಸರು ಬೆಸೆದುಕೊಂಡಿರುವ ದಾಸಿಮಯ್ಯನ ವಚನಗಳು ಎಷ್ಟು ಎಂದು ಕೇಳಿದರೆ, ದೇವರ ದಾಸಿಮಯ್ಯ ಜೇಡರ ದಾಸಿಮಯ್ಯ ಎಂಬ ಹೆಸರುಗಳು ಒಬ್ಬನವೋ ಇಬ್ಬರವೋ ಎಂಬ ವಿದ್ವಾಂಸರ ವಿವಾದವನ್ನು ಮೊದಲು ಇತ್ಯರ್ಥಗೊಳಿಸಿ ಬಾ ಎಂದು ಕೋಷ್ಟಕ ನಮ್ಮನ್ನು ಹಿಂದಕ್ಕೆ ಕಳುಹಿಸಬೇಕು. ಅದು ಹಾಗೆ ಕಳುಹಿಸುವುದಿಲ್ಲ. ‘ರಾಮನಾಥ’ ಎಂಬ ಅಂಕಿತದ ಮೇಲೆ ಸೋಸಿದರೆ ಒಂದು ಲೆಕ್ಕ, ಕವಿಯ ಹೆಸರಿನ ಮೇಲೆ ಸೋಸಿದರೆ ಇನ್ನೊಂದು ಲೆಕ್ಕ, ಎರಡನ್ನೂ ಅಷ್ಟೇ ನಿಶ್ಚಿಂತೆಯಿಂದ ಕೊಟ್ಟುಬಿಡುತ್ತದೆ. ವಿವಾದಗ್ರಸ್ತವಾದ ಕೀಲಿಯ ಮೇಲೆ ನಿಂತ ಎಣಿಕೆಯಲ್ಲಿ ಎರಡು ಸಂಖ್ಯೆಗಳನ್ನೂ ಪಕ್ಕಪಕ್ಕದಲ್ಲಿ ಅಚ್ಚುಮಾಡುವುದೇ ಪ್ರಾಮಾಣಿಕತೆಯೆಂದು ನಮ್ಮ ಅಭಿಪ್ರಾಯ.

ಇವೆಲ್ಲಕ್ಕಿಂತ ಗಹನವಾದುದು ಕಾಲದೊಡನೆ ಬದಲಾಗುವ ಕೀಲಿ. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು 1948ರವರೆಗೆ ನಿಜಾಮನ ಹೈದರಾಬಾದಿನಲ್ಲಿ, ಅನಂತರ ಹೈದರಾಬಾದ್ ರಾಜ್ಯದಲ್ಲಿ ಇದ್ದು 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದುವು. ಗುಲ್ಬರ್ಗ ಜಿಲ್ಲೆಯ ಅಂಗಗಳಾಗಿದ್ದ ಇವನ್ನು ಬೇರ್ಪಡಿಸಿ 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. ಗುಲ್ಬರ್ಗದ ಹೆಸರೂ 2014ರ ನವೆಂಬರ್ 1ರಿಂದ ಕಲಬುರಗಿಯಾಯಿತು. 2011ರ ಜನಗಣತಿ ಜಿಲ್ಲೆಯನ್ನು ಈ ಮೂರೇ ತಾಲ್ಲೂಕುಗಳಾಗಿ ಎಣಿಸಿತು. ತರುವಾಯ, 2018ರ ಹೊತ್ತಿಗೆ, ಸುರಪುರದಿಂದ ಹುಣಸಗಿ, ಶಹಾಪುರದಿಂದ ವಡಗೇರಾ, ಯಾದಗಿರಿಯಿಂದ ಗುರುಮಠಕಲ್ ಒಡೆದು ತಾಲ್ಲೂಕುಗಳು ಆರಾದುವು.

ಈಗ ಒಬ್ಬ ವಿದ್ಯಾರ್ಥಿಯು ಇಂದಿನ ಶಾಲೆಗಳ ಪಟ್ಟಿಯನ್ನು ತಾಲ್ಲೂಕುವಾರು ಎಣಿಸಿ, 2011ರ ಜನಸಂಖ್ಯೆಯೊಡನೆ ತಾಲ್ಲೂಕಿನ ಹೆಸರಿನ ಮೇಲೆ ಜೋಡಿಸುತ್ತಾನೆನ್ನೋಣ. ಸಾಮಾನ್ಯ ಜೋಡಣೆಯಾದರೆ ಹುಣಸಗಿ, ವಡಗೇರಾ, ಗುರುಮಠಕಲ್ ಮೂರಕ್ಕೂ ಹಳೆಯ ಕೋಷ್ಟಕದಲ್ಲಿ ಸಂಗಾತಿಯಿಲ್ಲ, ಅವು ಬಿದ್ದುಹೋಗುತ್ತವೆ. ಹೊರಜೋಡಣೆಯಾದರೆ ಅವು ಬರಿದಾದ ಜನಸಂಖ್ಯೆಯೊಡನೆ ಉಳಿಯುತ್ತವೆ. ಏನೋ ಕೊರತೆಯಿದೆಯೆಂದು ತಿಳಿಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ನಿಜವಾದ ಅನರ್ಥ ನಡೆದಿರುವುದು ಬೆಸೆದುಕೊಂಡ ಮೂರು ಸಾಲುಗಳಲ್ಲಿ. 2011ರ ಸುರಪುರವೆಂದರೆ ಹುಣಸಗಿಯನ್ನೂ ಒಳಗೊಂಡ ಸುರಪುರ. ಇಂದಿನ ಶಾಲೆಗಳ ಸುರಪುರವೆಂದರೆ ಹುಣಸಗಿಯನ್ನು ಕಳೆದ ಸುರಪುರ. ಹಳೆಯ ಜನವನ್ನು ಹೊಸ ಶಾಲೆಗಳಿಂದ ಭಾಗಿಸಿದರೆ ಒಂದು ಶಾಲೆಯ ಪಾಲಿಗೆ ಬರುವ ಜನ ಇದ್ದಕ್ಕಿದ್ದಂತೆ ಏರುತ್ತಾರೆ, ಶಾಲೆಗಳೆಲ್ಲ ಮುಚ್ಚಿಹೋದುವೇನೋ ಎಂಬಂತೆ. ಗಣಕ ಇಲ್ಲಿ ಯಾವ ದೋಷವನ್ನೂ ವರದಿಮಾಡದು. ಹೆಸರುಗಳು ಕೂಡಿವೆ, ಸಾಲು ಒಂದೇ ಇದೆ, ಬರಿದು ಎಲ್ಲಿಯೂ ಇಲ್ಲ. ಪಠ್ಯಪುಸ್ತಕ ಹೇಳುವ ಎಚ್ಚರಿಕೆಗಳನ್ನೆಲ್ಲ ಪಾಲಿಸಿದ ಮೇಲೂ ಉತ್ತರ ಸುಳ್ಳು.

ಇದು ಬರಿಯ ತರಗತಿಯ ಅಭ್ಯಾಸವಲ್ಲವೆಂಬುದಕ್ಕೆ ಒಂದು ಸಾಕ್ಷ್ಯವನ್ನು ಮುಂದಿಡುತ್ತೇವೆ. ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಸಮಿತಿ ಪ್ರಾದೇಶಿಕ ಅಸಮಾನತೆಯನ್ನು ಕುರಿತು 2002ರಲ್ಲಿ ಸಲ್ಲಿಸಿದ ವರದಿ ಅಂದಿನ 175 ತಾಲ್ಲೂಕುಗಳನ್ನು ಅಳೆದು ತೂಗಿ 114ನ್ನು ಹಿಂದುಳಿದವೆಂದು ಗುರುತಿಸಿತು: ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ನಮ್ಮ ಮೂರು ತಾಲ್ಲೂಕುಗಳೂ ಹಿಂದುಳಿದವುಗಳ ಸಾಲಿನಲ್ಲಿದ್ದುವು. ಆ ವರದಿ ತನ್ನ ಕಾಲಕ್ಕೆ ಮಾಡಿದ ಕೆಲಸ ದೊಡ್ಡದು. ತಾಲ್ಲೂಕನ್ನು ಘಟಕವಾಗಿ ಹಿಡಿದು ಜಿಲ್ಲೆಯ ಸರಾಸರಿಯ ಮರೆಯಲ್ಲಿ ಅಡಗಿದ್ದ ಬಡತನವನ್ನು ಹೊರಗೆಳೆದದ್ದೇ ಅದರ ಹೆಚ್ಚುಗಾರಿಕೆ. ಆದರೆ ಇಂದು ಆ 114ರ ಪಟ್ಟಿಯನ್ನು ಸೋಸುಬಟ್ಟೆಯಾಗಿ ಇಟ್ಟುಕೊಂಡು ಈಗಿನ ತಾಲ್ಲೂಕುಗಳನ್ನು ಸೋಸಿದರೆ ಹುಣಸಗಿ ಎಂಬ ಹೆಸರು ಆ ಪಟ್ಟಿಯಲ್ಲಿಲ್ಲ. ಹಿಂದುಳಿದಿಲ್ಲವೆಂಬ ಕಾರಣಕ್ಕಲ್ಲ, ಆಗ ಅದು ಹುಟ್ಟಿರಲಿಲ್ಲವೆಂಬ ಕಾರಣಕ್ಕೆ. 114ನ್ನು ಇಂದಿನ ತಾಲ್ಲೂಕುಗಳ ಸಂಖ್ಯೆಯಿಂದ ಭಾಗಿಸಿ ರಾಜ್ಯದ ಹಿಂದುಳಿದಿರುವಿಕೆ ಇಷ್ಟು ಕಡಿಮೆಯಾಯಿತೆಂದು ಯಾರಾದರೂ ಬರೆದರೆ ಆಶ್ಚರ್ಯಪಡಬೇಕಾಗಿಲ್ಲ. ತಾಲ್ಲೂಕುಗಳನ್ನು ಒಡೆದಷ್ಟೂ ನಾಡು ಮುಂದುವರಿಯುತ್ತ ಹೋದಂತೆ ಕಾಣುತ್ತದೆ. 371ಜೆ ವಿಧಿಯನ್ವಯ ಈ ಭಾಗಕ್ಕೆ ವಿಶೇಷ ಸ್ಥಾನ ದೊರೆತಿರುವ ಈ ದಿನಗಳಲ್ಲಿ ಅನುದಾನ, ಹುದ್ದೆ, ಪ್ರವೇಶ ಎಲ್ಲವೂ ಒಂದಲ್ಲ ಒಂದು ಎಣಿಕೆಯ ಮೇಲೆ ನಿಂತಿವೆ.

ಪರಿಹಾರವಿಲ್ಲದಿಲ್ಲ, ಆದರೆ ಅದು ಪ್ರಶ್ನೆಯ ವ್ಯಾಕರಣದಲ್ಲಿಲ್ಲ, ಕೋಷ್ಟಕದ ರಚನೆಯಲ್ಲಿದೆ. ತಾಲ್ಲೂಕನ್ನು ಬಿಟ್ಟು ಊರನ್ನು ಘಟಕವಾಗಿ ಹಿಡಿಯಬೇಕು. 2011ರ ಜನಗಣತಿ ಪ್ರತಿಯೊಂದು ಗ್ರಾಮಕ್ಕೂ ಆರು ಅಂಕೆಯ ಸಂಕೇತವನ್ನು ಕೊಟ್ಟಿದೆ. ಕೇಂದ್ರ ಪಂಚಾಯತಿ ರಾಜ್ ಸಚಿವಾಲಯದ ಸ್ಥಳೀಯ ಸಂಸ್ಥೆಗಳ ನಿರ್ದೇಶಿಕೆಯಲ್ಲಿಯೂ ಗ್ರಾಮಗಳಿಗೆ ಸಂಕೇತಗಳಿವೆ. ಊರಿಗೂ ತಾಲ್ಲೂಕಿಗೂ ಇರುವ ಸಂಬಂಧವನ್ನು ಊರಿನ ಸಾಲಿನಲ್ಲಿಯೇ ಬರೆದಿಡದೆ ಪ್ರತ್ಯೇಕ ಕೋಷ್ಟಕದಲ್ಲಿ, ಎಂದಿನಿಂದ ಎಂದಿನವರೆಗೆ ಎಂಬ ಎರಡು ದಿನಾಂಕಗಳೊಡನೆ ಇಡಬೇಕು. ಆಗ 2011ರ ಸುರಪುರವನ್ನು ಕೇಳಿದರೆ ಹುಣಸಗಿಯ ಊರುಗಳೂ ಸೇರಿ ಬರುತ್ತವೆ. ಇಂದಿನ ಸುರಪುರವನ್ನು ಕೇಳಿದರೆ ಅವು ಬಿಟ್ಟು ಬರುತ್ತವೆ. 2011ರ ಜನವನ್ನು ಇಂದಿನ ಆರು ತಾಲ್ಲೂಕುಗಳಿಗೆ ಹಂಚಿ ನೋಡುವುದೂ ಸಾಧ್ಯವಾಗುತ್ತದೆ. ಹೀಗೆ ಕಟ್ಟುವುದರಲ್ಲಿ ಶ್ರಮವಿದೆಯೆಂಬುದನ್ನು ಅಲ್ಲಗಳೆಯುವುದಿಲ್ಲ. ಒಂದೊಂದು ಊರಿನ ಹೆಸರನ್ನೂ ಎರಡು ಮೂರು ಪಟ್ಟಿಗಳಲ್ಲಿ ಹುಡುಕಿ ಕೈಯಿಂದಲೇ ಹೊಂದಿಸಬೇಕಾಗುತ್ತದೆ, ಪಿಎಚ್.ಡಿ. ಪದವಿಗೆ ಒಪ್ಪಿತವಾಗುವಂಥ ಕೆಲಸವೆಂದು ಇದನ್ನು ಯಾರೂ ಎಣಿಸಿಲ್ಲ. ಆದರೆ ಇಂಥ ಕೋಷ್ಟಕವೊಂದು ಸಿದ್ಧವಾದರೆ ಅದರ ಮೇಲೆ ಹತ್ತು ಪ್ರಬಂಧಗಳು ನಿಲ್ಲಬಲ್ಲವು; ಅದಿಲ್ಲದೆ ಬರೆದ ಹತ್ತು ಪ್ರಬಂಧಗಳನ್ನು ಮತ್ತೆ ಬರೆಯಬೇಕಾದೀತು.

ಮೂರು ತಾಲ್ಲೂಕುಗಳ ಮಟ್ಟಿಗೆ ಈ ಕೆಲಸವನ್ನು ಹೈದರಾಬಾದ್ ರಾಜ್ಯದ ಕಾಲದ 1951ರ ಜನಗಣತಿಯಿಂದ ಆರಂಭಿಸುವುದು ಯುಕ್ತ. ಅಲ್ಲಿಂದೀಚೆಗೆ ಏಳು ದಶಕಗಳಲ್ಲಿ ಒಡೆದ, ಕೂಡಿದ, ಜನವಿಲ್ಲದೆ ಹಾಳುಬಿದ್ದ ಊರುಗಳನ್ನು ಒಂದೊಂದಾಗಿ ಗುರುತಿಸಬೇಕಾಗುತ್ತದೆ. ಅವುಗಳಲ್ಲಿ ಹೆಚ್ಚು ಚರ್ಚೆಗೆ ಎಡೆಕೊಡುವವು ಕೃಷ್ಣಾ ಕಣಿವೆಯವು. ಮೇಲ್ದಂಡೆ ಯೋಜನೆಯಂಥ ಕಡೆಗಳಲ್ಲಿ ನೀರು ಏರಿದಾಗ ಊರು ಎದ್ದು ಎತ್ತರದ ನೆಲಕ್ಕೆ ಹೋಗಿ, ಹಳೆಯ ಹೆಸರನ್ನೇ ಇಟ್ಟುಕೊಂಡು ನೆಲೆಸುವುದುಂಟು. ಅಂಥ ಊರಿಗೆ ಹಳೆಯ ಸಂಕೇತವನ್ನೇ ಮುಂದುವರಿಸಬೇಕೋ ಹೊಸದನ್ನು ಕೊಡಬೇಕೋ? ಜನರನ್ನು ಎಣಿಸುವವನಿಗೆ ಅದು ಅದೇ ಊರು. ಶಾಸನ, ಗುಡಿ, ಶಿಲಾಯುಗದ ನೆಲೆಗಳನ್ನು ಎಣಿಸುವವನಿಗೆ ಅದು ಬೇರೆ ಊರು. ಜನರಿಗೆ ಒಂದು ಕೀಲಿ, ನೆಲಕ್ಕೆ ಒಂದು ಕೀಲಿ ಎಂದು ಎರಡನ್ನು ಇಡುವುದೇ ಲೇಸೆಂದು ನಮಗೆ ತೋರುತ್ತದೆ.